ಅಡ್ಡ ಬಾರದ ಹಂದಿ, ಸವೆದ ಹಲ್ಲು

ಶಾಲೆಯ ಹರವಿಯ ನೀರು ಕುಡಿಯುವಾಗ ಮೊದಲ ಸಲ ಗೊತ್ತಾಯಿತು. ಎಡಗಡೆಯ ಕೆಳದವಡೆಯಿಂದ ಕಿವಿಯವರೆಗೆ ಯಾರೋ ಸಣ್ಣ ತಂತಿ ಎಳೆದುಬಿಟ್ಟ ಹಾಗಾಯಿತು. ಲೋಟ ಕೆಳಗಿಟ್ಟು ಕೆನ್ನೆ ಹಿಡಿದುಕೊಂಡು ನಿಂತೆ. ಆರನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್ರಿ, ಹಲ್ಲು ಬೀಳಾಕತ್ತಾವೇನ್ರಿ?" ಎಂದು ಕೇಳಿದಳು. ಅವಳದೇ ಒಂದು ಹಲ್ಲು ಅಲುಗಾಡುತ್ತಿತ್ತು. ಜೊತೆಗೊಬ್ಬರು ಸಿಕ್ಕರೆಂಬ ಖುಷಿ ಅವಳ ಮುಖದಲ್ಲಿತ್ತು.

ಹಲ್ಲು ಬೀಳುತ್ತಿರಲಿಲ್ಲ, ಸವೆಯುತ್ತಿತ್ತು. ಅದನ್ನು ಸವೆಸುತ್ತಿದ್ದವಳು ನಾನೇ ಎಂದು ಹೇಳಿದ್ದು ನಮ್ಮವ್ವ. ನಾವಿಬ್ಬರೂ ಕೊಪ್ಪಳದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಂದೇ ಕಡೆ ಮಲಗುತ್ತೇವೆ. ಒಂದು ಬೆಳಿಗ್ಗೆ ಅವಳು ಚಹಾ ಸೋಸುತ್ತ ಹೇಳಿದಳು.

"ರಾತ್ರಿ ಪೂರಾ ಹಲ್ಲು ಕಡದಿ ನೋಡವಾ. ಕಾಳಿಲ್ಲದ ಬೀಸೋ ಕಲ್ಲು ತಿರುವಿದಂಗ ಆಗತಿತ್ತು. ಹೊಟ್ಟ್ಯಾಗ ಜಂತುಹುಳ ಆಗಿರಬೇಕು."

"ಅವ್ವಾ, ನನಗ ಮೂವತ್ನಾಕು ವರ್ಷ."

"ಹುಳಕ್ಕ ನಿನ್ನ ವಯಸ್ಸು ಗೊತ್ತಿರತೈತೇನು?"

ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಜಂತುಹುಳದ ಗುಳಿಗೆ ತಿನ್ನಿಸುವವಳು ನಾನು. ಅವ್ವನ ಸಮಾಧಾನಕ್ಕಾಗಿ ನಾನೂ ಒಂದು ಗುಳಿಗೆ ಅಗಿದು ನುಂಗಿದೆ. ಹಲ್ಲು ಕಡಿಯುವುದು ನಿಲ್ಲಲಿಲ್ಲ. ಬೆಳಿಗ್ಗೆ ಏಳುವಾಗ ದವಡೆ ಬಿಗಿದುಕೊಂಡಿರುತ್ತಿತ್ತು, ತಲೆ ನೋಯುತ್ತಿತ್ತು, ರೊಟ್ಟಿಯ ಗಟ್ಟಿ ಅಂಚನ್ನು ಅಗಿಯಲು ಆಗುತ್ತಿರಲಿಲ್ಲ. ಕಡೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ.

ಡಾಕ್ಟರು ನನಗಿಂತ ಚಿಕ್ಕವಳು. ಸಣ್ಣ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ದವಡೆ ಹಲ್ಲುಗಳ ಮೇಲಿನ ಏರುತಗ್ಗುಗಳು ಸವೆದು ಸಪಾಟಾಗುತ್ತಿವೆ, ಒಂದರಲ್ಲಿ ಕೂದಲೆಳೆಯಷ್ಟು ಬಿರುಕಿದೆ ಎಂದಳು. ತಣ್ಣಗಿನದು ತಾಗಿದರೆ ನೋವಾಗುವುದು ಅದಕ್ಕೇ. ರಾತ್ರಿ ಹಾಕಿಕೊಳ್ಳಲು ಪ್ಲಾಸ್ಟಿಕ್ಕಿನ ಒಂದು ಕವಚ ಮಾಡಿಕೊಡುತ್ತೇನೆ, ಅದು ಹಲ್ಲನ್ನು ಕಾಯುತ್ತದೆಯೇ ಹೊರತು ಕಡಿಯುವುದನ್ನು ನಿಲ್ಲಿಸುತ್ತದೆಂದು ಹೇಳಲಾರೆ ಎಂದಳು.

"ಹಗಲಿನ್ಯಾಗೂ ಲಕ್ಷ್ಯ ಇಡ್ರಿ ಮೇಡಂ. ಬಾಯಿ ಮುಚ್ಚಿದಾಗ ತುಟಿ ಕೂಡಿರಬೇಕು, ಹಲ್ಲು ಬಿಟ್ಟಿರಬೇಕು. ಯಾವಾಗಿಂದ ಹಿಂಗಾಗೇತಿ?"

ಆಗಸ್ಟಿನ ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಿನಿಂದ ಎಂದು ನಾನು ಹೇಳಬಹುದಿತ್ತು. "ಸ್ವಲ್ಪ ದಿನದಿಂದ" ಎಂದೆ.

ನಮ್ಮ ಶಾಲೆ ಗಿಣಿಗೇರಾ ದಾಟಿ ಗಂಗಾವತಿ ದಿಕ್ಕಿಗಿರುವ ಒಂದು ಹಳ್ಳಿಯಲ್ಲಿದೆ. ಕೊಪ್ಪಳದಿಂದ ನಾಲ್ವರು ಹೆಣ್ಣುಮಕ್ಕಳು ಒಂದೇ ಕಾರಿನಲ್ಲಿ ಹೋಗಿಬರುತ್ತಿದ್ದೆವು. ಕಾರು ನಮ್ಮಲ್ಲಿ ಹಿರಿಯರಾದವರದು, ಓಡಿಸುವವರೂ ಅವರೇ. ಶಾಲೆಯಲ್ಲಿ ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ, ನಾನು ಮಾತ್ರ ಅಕ್ಕ ಎನ್ನುತ್ತಿದ್ದೆ. ನೌಕರಿಗೆ ಸೇರಿದ ಮೊದಲ ದಿನ ನನ್ನ ಬುತ್ತಿಯಲ್ಲಿ ಪಲ್ಯವಿಲ್ಲದ್ದನ್ನು ಕಂಡು ತಮ್ಮ ಬದನೆಕಾಯಿಯಲ್ಲಿ ಅರ್ಧ ನನ್ನ ರೊಟ್ಟಿಗೆ ಸುರಿದವರು ಅವರು. ಹಿಂದಿನ ಸೀಟಿನಲ್ಲಿ ಗಣಿತದ ಟೀಚರು ಮತ್ತು ಆ ವರ್ಷವೇ ಬಂದಿದ್ದ ಅತಿಥಿ ಶಿಕ್ಷಕಿ ಕೂಡುತ್ತಿದ್ದರು. ಅಕ್ಕನ ಪಕ್ಕದ ಸೀಟು ನನ್ನದು.

ಆ ಸೀಟಿಗೆ ಒಂದು ಕೆಲಸವಿತ್ತು. ಮುಂದೆ ಕೂತವರು ಓಡಿಸುವವರನ್ನು ಮಾತಾಡಿಸುತ್ತಿರಬೇಕು. ದಿನಾಲೂ ಹೀಗೆ ಗಾಡಿ ಮಾಡಿಕೊಂಡು ಓಡಾಡುವ ನೌಕರಸ್ಥರಲ್ಲಿ ಯಾರೂ ಹೇಳಿಕೊಡದೆ ಬಂದ ರೂಢಿ ಇದು. ಹುರಿದ ಶೇಂಗಾ ಸುಲಿದು ಅವರ ಅಂಗೈಗೆ ಹಾಕುವುದು, ಒಗಟು ಕೇಳುವುದು, ಅತ್ತೆಯರ ಸುದ್ದಿ ತೆಗೆಯುವುದು. ಅಕ್ಕನಿಗೆ ಇದು ಉಳಿದವರಿಗಿಂತ ಹೆಚ್ಚು ಬೇಕಾಗಿತ್ತು. ಅವರ ಅತ್ತೆ ಹಾಸಿಗೆ ಹಿಡಿದು ಒಂದೂವರೆ ವರ್ಷವಾಗಿತ್ತು. ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೆಲ್ಲ ಆ ಕೆಲಸ ಅಕ್ಕನೇ ಮಾಡುತ್ತಿದ್ದರು, ಮಧ್ಯಾಹ್ನದ ಬಿಡುವಿನಲ್ಲೂ ಕಾರಿನಲ್ಲಿ ಮನೆಗೆ ಓಡಿ ಹೋಗಿಬರುತ್ತಿದ್ದರು. ನಿದ್ದೆಗೇಡಿನ ಕಣ್ಣಲ್ಲೇ ಗಾಡಿ ತೆಗೆಯುತ್ತಿದ್ದರು. ಸ್ಟೀರಿಂಗಿನ ಮೇಲೆ ಬೆರಳಿನ ಉಂಗುರ ಟಕ್ ಟಕ್ ಎಂದು ಬಡಿಯುತ್ತಿರುವುದು ಅವರ ಅಭ್ಯಾಸ. ಆ ಸದ್ದು ನಿಧಾನವಾದರೆ ನಾನು, "ಅಕ್ಕಾ, ಕಣ್ಣು" ಎನ್ನುತ್ತಿದ್ದೆ. ಅವರು ಥಟ್ಟನೆ ನೆಟ್ಟಗಾಗಿ, "ಎಚ್ಚರ ಅದೀನವ್ವಾ, ನೀ ಶೇಂಗಾ ಹಾಕು" ಎನ್ನುತ್ತಿದ್ದರು. ಹಿಂದಿನವರಿಗೆ ಕೇಳದ ಹಾಗೆ ಹೇಳುವುದೂ ರೂಢಿಯ ಭಾಗವಾಗಿತ್ತು. ಅಂಥ ಗಾಡಿಯಲ್ಲಿ ಕೂರಬಾರದಿತ್ತು ಎಂದು ಈಗ ಯಾರಾದರೂ ಹೇಳಬಹುದು. ಬಸ್ಸು ಹಿಡಿದರೆ ಪ್ರಾರ್ಥನೆಗೆ ತಡವಾಗುತ್ತಿತ್ತು. ಒಂದೂವರೆ ವರ್ಷ ಏನೂ ಆಗಿರಲಿಲ್ಲ. ಏನೂ ಆಗದಿದ್ದರೆ ಮನುಷ್ಯರು ಅದನ್ನೇ ಧೈರ್ಯ ಎಂದುಕೊಳ್ಳುತ್ತಾರೆ.

ಆ ಮಂಗಳವಾರ ನಾನು ಶೇಂಗಾದ ಪೊಟ್ಟಣ ಬಿಚ್ಚಲು ತಲೆ ತಗ್ಗಿಸಿದ್ದೆ. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ದಾರ ಕಚ್ಚಿ ಎಳೆಯುತ್ತಿದ್ದೆ. ಟಕ್ ಟಕ್ ಸದ್ದು ಇಲ್ಲವೆಂದು ಹೊಳೆದು ತಿರುಗಿ ನೋಡಿದರೆ ಅಕ್ಕನ ಕಣ್ಣು ಪೂರ್ತಿ ಮುಚ್ಚಿದ್ದವು. ಬಾಯಿ ತುಸು ತೆರೆದಿತ್ತು. ಅಷ್ಟು ನಿಶ್ಚಿಂತವಾದ ಮುಖವನ್ನು ನಾನು ಅವರಲ್ಲಿ ಅದಕ್ಕೂ ಮೊದಲು ಕಂಡಿರಲಿಲ್ಲ. ಕಾರು ಬಲಕ್ಕೆ ಜಾರುತ್ತಿತ್ತು, ಎದುರಿಗೆ ಕಬ್ಬಿಣದ ಸರಳು ಹೇರಿದ ಲಾರಿ ಬರುತ್ತಿತ್ತು. ಕೂಗಲಿಲ್ಲ, ಕೂಗಲು ಬಾಯಿ ತೆರೆಯಬೇಕು, ನನ್ನ ಹಲ್ಲು ಆ ದಾರವನ್ನು ಕಚ್ಚಿಕೊಂಡೇ ಇತ್ತು. ಬಲಗೈ ಚಾಚಿ ಸ್ಟೀರಿಂಗನ್ನು ನನ್ನ ಕಡೆಗೆ ಎಳೆದುಕೊಂಡೆ. ಲಾರಿಯ ಹಾರ್ನು ನಮ್ಮ ಕಾರಿನ ಒಳಗಿನಿಂದಲೇ ಬಂದ ಹಾಗೆ ಕೇಳಿತು. ಆಮೇಲೆ ರಸ್ತೆ ಬಿಟ್ಟು ಇಳಿದು, ಮಣ್ಣು ಕೆದರಿ, ಜಲ್ಲಿಕಲ್ಲಿನ ಗುಪ್ಪೆಗೆ ಗುದ್ದಿ ನಿಂತೆವು. ಪಕ್ಕದ ಹೊಲದ ಮೆಕ್ಕೆಜೋಳದ ಗರಿಗಳು ಕಿಟಕಿಯೊಳಗೆ ಬಂದಿದ್ದವು.

ಅಕ್ಕನ ಹಣೆ ಒಡೆದಿತ್ತು. ಗಣಿತದ ಟೀಚರು ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ ಅತಿಥಿ ಶಿಕ್ಷಕಿ ಅಳುತ್ತಿದ್ದಳು. ನನಗೆ ಒಂದು ಗೀರೂ ಆಗಿರಲಿಲ್ಲ. ದವಡೆ ಮಾತ್ರ ಬಿಡಿಸಲಾಗದಂತೆ ಕೂಡಿಕೊಂಡಿತ್ತು.

ಅತಿಥಿ ಶಿಕ್ಷಕಿ ಗಣಿತದ ಟೀಚರನ್ನು ಇಳಿಸಿಕೊಂಡು ಆಚೆ ಹೋದಾಗ ಅಕ್ಕ ನನ್ನ ಸೆರಗು ಹಿಡಿದರು. ರಕ್ತ ಹುಬ್ಬಿಗಿಳಿದಿತ್ತು.

"ತಂಗಿ, ಹಂದಿ ಅಡ್ಡ ಬಂತು ಅನ್ನು."

ಸೆರಗಿನ ತುದಿಯಿಂದ ಅವರ ಹುಬ್ಬು ಒರೆಸಿದೆ.

"ನಿದ್ದಿ ಬಂತು ಅಂತ ಗೊತ್ತಾದ್ರ ಮನ್ಯಾಗ ಗಾಡಿ ಕೀಲಿ ಕಸ್ಕೋತಾರ. ಗಾಡಿ ಇಲ್ಲಂದ್ರ ಮಧ್ಯಾಹ್ನದಾಗ ಹೆಂಗ ಓಡಿಬರ್ಲಿ? ಆ ಮುದುಕಿನ್ನ ಯಾರ ನೋಡ್ತಾರ? ನಿನ್ನ ಕಾಲ್ ಬೀಳ್ತೀನಿ."

ಲಾರಿ ದೂರದಲ್ಲಿ ನಿಂತಿತ್ತು. ಡ್ರೈವರು, ಹೊಲದವರು, ಕಾರ್ಖಾನೆಯ ಶಿಫ್ಟ್ ಮುಗಿಸಿ ಹೊರಟಿದ್ದ ನಾಲ್ಕಾರು ಮಂದಿ ಓಡಿ ಬಂದರು. "ಏನಾತ್ರಿ ಅಕ್ಕಾರ?" ಎಂದು ಒಬ್ಬರು ಕೇಳಿದರು. ಅಷ್ಟು ಹೊತ್ತು ತೆರೆಯದ ನನ್ನ ಬಾಯಿ ಅದಕ್ಕೆ ತೆರೆಯಿತು.

"ಹಂದಿ ಅಡ್ಡ ಬಂತ್ರಿ."

"ಈ ಹಂದಿಗೋಳ ಕಾಟ ಭಾಳ ಆಗೇತ್ರಿ," ಎಂದು ಅವರು ಎಲ್ಲ ಕಡೆ ಕಣ್ಣಾಡಿಸಿದರು. "ಎತ್ತಾಗ ಹೋತು?"

ನಾನು ಕೈ ಎತ್ತಿ ಮೆಕ್ಕೆಜೋಳದ ಕಡೆಗೆ ತೋರಿಸಿದೆ. ಒಬ್ಬ ಹುಮ್ಮಸ್ಸಿನಿಂದ ಕಲ್ಲು ಹಿಡಿದು ಒಳಗೆ ನುಗ್ಗಿಯೂ ಬಂದ. "ಹೋಗೇತ್ರಿ," ಎಂದ. ನಮ್ಮ ರಸ್ತೆಗಳಲ್ಲಿ ಹಂದಿಯನ್ನು ಯಾರೂ ಅನುಮಾನಿಸುವುದಿಲ್ಲ. ಶಾಲೆಯಲ್ಲಿ ಕೇಳಿದವರಿಗೆಲ್ಲ ನಾನೇ ಹೇಳಿದೆ. ಎರಡನೇ ದಿನಕ್ಕೆ ಅದರ ಬಣ್ಣವನ್ನೂ ಹೇಳುತ್ತಿದ್ದೆ. ಹೆಡ್‌ಮಾಸ್ತರು ಕೇಳಿದಾಗ ಒಂದು ಹಾಳೆಯಲ್ಲಿ ಬರೆದು ಸಹಿಯನ್ನೂ ಹಾಕಿದೆ. ಅಕ್ಕನಿಗಾಗಿ ಮಾಡಿದ್ದು, ಮನಸ್ಸಿಗೆ ಭಾರವೆನಿಸಲಿಲ್ಲ.

ಆ ವಾರದಿಂದಲೇ ರಾತ್ರಿಯ ಹಲ್ಲು ಕಡಿತ ಶುರುವಾಯಿತು. ಹಗಲು ಕೂಡ ಕಪ್ಪುಹಲಗೆಗೆ ಮುಖ ಮಾಡಿ ಬರೆಯುತ್ತಿರುವಾಗ ಆ ಮುಚ್ಚಿದ ಕಣ್ಣುಗಳು ಬಂದುಬಿಡುತ್ತಿದ್ದವು. ಪ್ರತಿ ಸಲವೂ ಕೈ ಚಾಚುತ್ತೇನೆ; ಕೆಲವು ಸಲ ಕೈ ಮುಟ್ಟುವುದಿಲ್ಲ. ಮುಟ್ಟದ ದಿನ ದವಡೆ ಹೆಚ್ಚು ನೋಯುತ್ತಿತ್ತು.

ಇದನ್ನೆಲ್ಲ ಹೇಳಿಕೊಂಡದ್ದು ಅಕ್ಕನ ಹತ್ತಿರವೇ. ಅವ್ವನ ಹುಳದ ಕಥೆ, ಡಾಕ್ಟರ ಕನ್ನಡಿ, ಕವಚ, ಎಲ್ಲ. ಹಣೆಯ ಹೊಲಿಗೆ ಬಿಚ್ಚಿಸಿಕೊಂಡು ಅವರು ಶಾಲೆಗೆ ಬರತೊಡಗಿ ಆಗಲೇ ಎರಡು ವಾರವಾಗಿತ್ತು. ಕಣ್ಣಲ್ಲಿ ನೀರು ತಂದುಕೊಂಡು, "ನನ್ನ ಪಾಪ ಬಂದು ನಿನ್ನ ಹಲ್ಲಾಗ ಕುಂತೈತಿ ನೋಡು," ಎಂದರು. ಮರುದಿನ ಕಾಗದದ ಚೀಟಿಯಲ್ಲಿ ಲವಂಗ ಕಟ್ಟಿ ತಂದು, ನೋಯುವ ಹಲ್ಲಿನ ಮೇಲೆ ತಾವೇ ಇಟ್ಟರು. ಬಾಯಿ ತೆರೆದುಕೊಂಡು ಅವರ ಮುಂದೆ ಕೂತಿದ್ದೆ. ಅಷ್ಟು ನಂಬಿಕೆಯಿಂದ ನಾನು ಡಾಕ್ಟರ ಮುಂದೆಯೂ ಬಾಯಿ ತೆರೆದಿರಲಿಲ್ಲ.

ಕಾರು ರಿಪೇರಿಯಾಗಿ ಬಂದ ದಿನ ನಾನು ಮುಂದಿನ ಬಾಗಿಲಿಗೆ ಕೈ ಹಾಕಿದೆ. ಅಕ್ಕ, "ಮುಂದ ಕುಂತ್ರ ನಿನಗ ಹೆದರಿಕಿ ಆಕ್ಕೈತಿ. ನೀ ಹಿಂದ ಕುಂಡ್ರು, ಈ ಹುಡುಗಿ ಮುಂದ ಬರ್ಲಿ," ಎಂದರು. ಅದು ನನ್ನ ಮೇಲಿನ ಕಾಳಜಿ ಎಂದುಕೊಂಡೆ. ಅತಿಥಿ ಶಿಕ್ಷಕಿ ಮುಂದೆ ಕೂತು ಇಯರ್‌ಫೋನ್ ಹಾಕಿಕೊಂಡಳು. ಹಿಂದಿನಿಂದ ನನಗೆ ಅಕ್ಕನ ಜಡೆ ಮಾತ್ರ ಕಾಣುತ್ತಿತ್ತು.

ಮೂರನೇ ದಿನವೋ ನಾಲ್ಕನೇ ದಿನವೋ, ಹೆಡ್‌ಮಾಸ್ತರು ಚಹಾ ಕುಡಿಯುತ್ತ ನನ್ನ ಕಡೆ ತಿರುಗಿ ನಕ್ಕರು.

"ಅಲ್ರೀ ಮೇಡಂ, ಹಂದಿಗೆ ಯಾರರ ಅಷ್ಟು ಹೆದರ್ತಾರೇನ್ರಿ? ಗಾಡಿ ಹೊಡಿಯೋರು ತಮ್ಮ ಪಾಡಿಗೆ ತಾವು ಬ್ರೇಕ್ ಹಾಕತಿದ್ರು. ನೀವು ಸ್ಟೀರಿಂಗ್ ಎಳದು ಗಾಡಿ ತಗ್ಗಿಗೆ ಇಳಿಸಿದ್ರಿ."

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು ತಟ್ಟೆಯ ಅಂಚಿಗೆ ಹಚ್ಚುತ್ತಿದ್ದರು.

ಆಗ ನನಗೆ ತಿಳಿಯಿತು. ಸ್ಟೀರಿಂಗಿನ ಮೇಲೆ ನನ್ನ ಕೈ ಇದ್ದದ್ದನ್ನು ಹಿಂದಿನವರು ನೋಡಿದ್ದರು. ಆ ಕೈ ಅಲ್ಲಿಗೆ ಯಾಕೆ ಹೋಯಿತು ಎಂಬುದಕ್ಕೆ ಒಂದು ಕಾರಣ ಬೇಕಾಗಿತ್ತು. ನಿದ್ದೆಯನ್ನು ತೆಗೆದು ಹಂದಿಯನ್ನು ಇಟ್ಟವಳು ನಾನೇ. ಹಂದಿ ಇದ್ದ ಮೇಲೆ, ಹಂದಿಗೆ ಹೆದರಿದವಳೂ ಒಬ್ಬಳು ಇರಬೇಕಲ್ಲ.

ಅಂದು ಸಂಜೆ ಕಾರು ಹತ್ತುವ ಮೊದಲು ಅಕ್ಕನನ್ನು ಬೇವಿನ ಗಿಡದ ಹತ್ತಿರ ನಿಲ್ಲಿಸಿ ಕೇಳಿದೆ.

"ಅಕ್ಕಾ, ಹಂಗ್ಯಾಕ ಅಂದ್ರಿ?"

"ನಾ ಏನೂ ಅಂದಿಲ್ಲವ್ವಾ. ಮಂದಿ ತಾವ ಹೊಂದಿಸ್ಕೊಂಡಾರ."

"ಅಲ್ಲ ಅನ್ನಬೇಕಿತ್ತಲ್ರಿ?"

"ಏನಂತ ಅಲ್ಲ ಅನ್ಲಿ? ಹಂದಿ ಬಂತು ಅಂದಾಕಿ ನೀನ. ಬರದು ಕೊಟ್ಟಾಕಿ ನೀನ. ಇಬ್ಬರಾಗ ಒಬ್ಬರಿಗೆ ಕೆಟ್ಟ ಹೆಸರು ಬರೋದಿತ್ತು. ನಿನಗ ಬಂದ್ರ ಏನ ಹೋಗತೈತಿ? ನಿನಗೇನು ಗಾಡಿ ಐತೇನು?"

ಅವರು ಸಿಟ್ಟಿನಿಂದ ಹೇಳಲಿಲ್ಲ. ರೊಟ್ಟಿ ಹಂಚುವಾಗ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ ಹೇಳಿದರು. ಅದೇ ನನಗೆ ತಾಳಲಾಗಲಿಲ್ಲ. ಮರುದಿನದಿಂದ ಬಸ್ಸು ಹಿಡಿದೆ.

ನನ್ನ ಹೆಸರು ಕೆಟ್ಟದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಆ ಕಾರು ದಿನಾ ಓಡುತ್ತಿತ್ತು. ಅತ್ತೆಯ ಮಗ್ಗುಲು ಇನ್ನೂ ಬದಲಿಸಬೇಕಿತ್ತು, ಕಣ್ಣು ಇನ್ನೂ ಎಳೆಯುತ್ತಿದ್ದವು, ಪಕ್ಕದಲ್ಲಿ ಕೂತ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಅವಳಿಗೆ ಒಂದು ದಿನ ಹೇಳಿದೆ. "ಮೇಡಂ, ಗಾಡಿ ಮೇಡಂ ಮೊದಲ ಹೇಳ್ಯಾರ್ರಿ, ನೀವು ಹಿಂಗ ಅಂತೀರಿ ಅಂತ," ಎಂದು ಅವಳು ಪಾಪ ಎನ್ನುವಂತೆ ನನ್ನನ್ನು ನೋಡಿದಳು. ಎಷ್ಟೋ ರಾತ್ರಿ ನನಗೇ ಅನುಮಾನ ಬಂತು. ಕಣ್ಣು ಮುಚ್ಚಿದ್ದವೇ, ಅಥವಾ ರೆಪ್ಪೆ ಬಡಿಯುತ್ತಿದ್ದವೇ? ನೋಡಿದವಳು ನಾನೊಬ್ಬಳೇ. ಒಬ್ಬಳೇ ನೋಡಿದ್ದು ದಿನ ಕಳೆದಂತೆ ಕನಸಿನ ಹಾಗೆ ಆಗುತ್ತದೆ.

ಅಕ್ಟೋಬರಿನಲ್ಲಿ, ರಜೆ ಮುಗಿದು ಶಾಲೆ ತೆರೆದ ವಾರ, ಹೇಳಿಬಿಡುವುದೆಂದು ನಿಶ್ಚಯಿಸಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಇದ್ದರು. ಹೊಸದಾಗಿ ಬರೆದ ಹಾಳೆಯನ್ನು ಹೆಡ್‌ಮಾಸ್ತರ ಮುಂದಿಟ್ಟೆ.

"ಸರ್, ಹಂದಿ ಇರಲಿಲ್ಲ. ನಾ ಸುಳ್ಳು ಹೇಳಿದ್ದೆ. ಅಕ್ಕಾರಿಗೆ ನಿದ್ದಿ ಹತ್ತಿತ್ತು. ಲಾರಿಗೆ ಹೋಗತಿತ್ತು ಗಾಡಿ, ಅದಕ್ಕ ಎಳದೆ. ಇದನ್ನ ತಗೋರಿ. ನನ್ನ ಮ್ಯಾಲೂ ಏನ ಬೇಕಾದ್ರೂ ಮಾಡ್ರಿ. ಆದ್ರ ಅವರು ಗಾಡಿ ಹೊಡಿಯೋದು ನಿಲ್ಲಬೇಕು."

ಹೆಡ್‌ಮಾಸ್ತರು ಹಾಳೆಯನ್ನು ಮುಟ್ಟಲಿಲ್ಲ. ಅಕ್ಕನ ಕಡೆ ನೋಡಿದರು. ಅಕ್ಕ ಎದ್ದು ನನ್ನ ಹತ್ತಿರ ಬಂದರು, ಹೆಗಲ ಮೇಲೆ ಕೈ ಇಟ್ಟರು.

"ಸರ್, ಇಕಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಆಕ್ಸಿಡೆಂಟ್ ಆದಾಗಿಂದ ಇಕಿಗೆ ಆರಾಮಿಲ್ಲ. ರಾತ್ರಿ ಪೂರಾ ಹಲ್ಲು ಕಡೀತಾಳ. ಅವರವ್ವ ಬಾಜೂಕ ಮಲಗಾಕ ಹೆದರ್ತಾರ. ಹಲ್ಲೆಲ್ಲಾ ಸವದು ಹೋಗ್ಯಾವ, ಬೇಕಾರ ಬಾಯಿ ತೆಗಿಸಿ ನೋಡ್ರಿ. ಬಾಯಿಗೆ ಕಟ್ಟಾಕ ಡಾಕ್ಟರು ಏನೋ ಕೊಟ್ಟಾರ. ತಲಿಗೆ ಹತ್ತೇತಿ, ಪಾಪ."

ಅವ್ವ ಹೆದರುತ್ತಾಳೆಂದು ನಾನು ಎಂದೂ ಹೇಳಿರಲಿಲ್ಲ. ಉಳಿದದ್ದೆಲ್ಲ ನಾನೇ ಹೇಳಿದ್ದು. ಲವಂಗ ಹಚ್ಚಿಸಿಕೊಳ್ಳುವ ಮುನ್ನಾದಿನ, ಇದೇ ಕೋಣೆಯಲ್ಲಿ, ಇದೇ ಬೆಂಚಿನ ಮೇಲೆ ಕೂತು. ನಾನು ಉತ್ತರ ಕೊಡಲು ಹೊರಟೆ. ದವಡೆ ಬಿಗಿದುಕೊಂಡಿತು. ಮಾತು ಹಲ್ಲಿನ ಹಿಂದೆಯೇ ನಿಂತಿತು. ಕೆನ್ನೆಯ ಸ್ನಾಯು ಏರಿಳಿಯುವುದನ್ನು ಎಲ್ಲರೂ ನೋಡುತ್ತಿದ್ದರು. ಯಾರೋ, "ನೀರ ಕೊಡ್ರಿ," ಎಂದರು. ಲೋಟ ಬಂತು. ತಣ್ಣಗಿನ ನೀರು ತಾಗಿ ಚೀರಿದೆ. ಅವರಿಗೆ ಬೇಕಾದ ಸಾಕ್ಷಿ ಅಷ್ಟರಲ್ಲಿ ಸಿಕ್ಕಿತು.

"ಒಂದೆರಡ ದಿನ ರಜಾ ತಗೋರಿ ಮೇಡಂ," ಎಂದು ಹೆಡ್‌ಮಾಸ್ತರು ಹಾಳೆಯನ್ನು ನನ್ನ ಕಡೆಗೆ ಸರಿಸಿದರು. ಗಣಿತದ ಟೀಚರು ಮೂಲೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದರು. ಒಂದು ಸಲವೂ ತಲೆ ಎತ್ತಲಿಲ್ಲ.

ಅಂದು ಸಂಜೆ ಆಕೆ ಕಾರು ಹತ್ತಲಿಲ್ಲ. ಗಿಣಿಗೇರಾದಲ್ಲಿ ಕೆಲಸವಿದೆ ಎಂದು ಅಕ್ಕನಿಗೆ ಹೇಳಿ, ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತರು. ಕಾರ್ಖಾನೆಯ ಧೂಳಿನಿಂದ ಕೆಂಪಾದ ಗಿಡಗಳು ಶುರುವಾದಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ನಾನೂ ನೋಡಿದ್ನಿರಿ. ಕನ್ನಡಿಯೊಳಗ. ಕಣ್ಣು ಮುಚ್ಚಿದ್ರು."

ನನಗೆ ಸಂತೋಷವಾಗಬೇಕಿತ್ತು. ಕನಸಲ್ಲ, ಹುಚ್ಚಲ್ಲ ಎಂದು ಅಲ್ಲೇ ಎದ್ದು ನಿಂತು ಕೂಗಬೇಕಿತ್ತು. ಆದರೆ ನನ್ನ ತಲೆಗೆ ಬಂದದ್ದು ಎರಡು ತಿಂಗಳು ಎಂಬ ಲೆಕ್ಕ ಮಾತ್ರ. ಎರಡು ತಿಂಗಳು ಈ ಹೆಂಗಸಿಗೆ ಗೊತ್ತಿತ್ತು.

"ಮತ್ತ ಇವತ್ತ ಯಾಕ ಸುಮ್ಮನಿದ್ರಿ?"

"ಹೇಳಿದ್ರ ನಾಳೆ ಯಾರ ಗಾಡ್ಯಾಗ ಬರ್ಲಿರಿ? ನಮ್ಮ ಸಣ್ಣಾಕಿನ್ನ ಸಾಲಿಗೆ ಬಿಟ್ಟು ಬರೋದ್ರಾಗ ಈ ಬಸ್ ಹೋಗಿರತೈತಿ."

"ನಿಮ್ಮ ಕೈ ಮುರೀತು. ಮುಂದಿನ ಸಲ ಕೈ ಅಷ್ಟ ಮುರೀತೈತಿ ಅಂತ ಯಾರ ಹೇಳ್ಯಾರ?"

ಆಕೆ ಮಣಿಕಟ್ಟನ್ನು ಸೆರಗಿನೊಳಗೆ ಸರಿಸಿಕೊಂಡರು. ಹೆಡ್‌ಮಾಸ್ತರು ಹಿಂದಿರುಗಿಸಿದ ಹಾಳೆಯನ್ನು ಬ್ಯಾಗಿನಿಂದ ತೆಗೆದು, ಪೆನ್ನಿನ ಜೊತೆ ಆಕೆಯ ಮಡಿಲಲ್ಲಿಟ್ಟೆ. "ಕನ್ನಡ್ಯಾಗ ನೋಡಿದೆ ಅಂತ ಒಂದ ಸಾಲು ಬರದು ಸಹಿ ಹಾಕ್ರಿ. ಸಾಕು."

ಪೆನ್ನನ್ನು ಎತ್ತಿಕೊಂಡರು. ಬೆರಳುಗಳ ನಡುವೆ ಒಂದೆರಡು ಸಲ ತಿರುಗಿಸಿ ಮತ್ತೆ ಹಾಳೆಯ ಮೇಲಿಟ್ಟರು.

"ಕೈ ಇನ್ನೂ ನೆಟ್ಟಗಿಲ್ರಿ. ಬರಿಯಾಕ ಬರಂಗಿಲ್ಲ."

ಅದೇ ಮಧ್ಯಾಹ್ನ ಆ ಕೈ ಮೂವತ್ತು ಉತ್ತರಪತ್ರಿಕೆ ತಿದ್ದಿದ್ದನ್ನು ನಾನು ನೋಡಿದ್ದೆ. ಆಕೆಗೂ ಅದು ಗೊತ್ತಿತ್ತು. ಗಿಣಿಗೇರಾದಲ್ಲಿ ಇಳಿಯಲಿಲ್ಲ, ಅಲ್ಲಿ ಕೆಲಸವೇನೂ ಇರಲಿಲ್ಲ. ಕೊಪ್ಪಳದಲ್ಲಿ ಇಳಿದು, "ಬರ್ತೀನ್ರಿ," ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ನನ್ನ ಬಸ್ಸು ಜನರನ್ನು ಹತ್ತಿಸಿಕೊಳ್ಳಲು ನಿಂತಿದ್ದಾಗ ಅಕ್ಕನ ಕಾರು ಪಕ್ಕದಿಂದ ದಾಟಿ ಹೋಯಿತು. ಅತಿಥಿ ಶಿಕ್ಷಕಿ ಹಿಂದೆ ಕೂತಿದ್ದಳು. ಗಣಿತದ ಟೀಚರು ಮುಂದೆ ಬಂದಿದ್ದರು. ರಸ್ತೆಯ ಕಡೆ ಅವರ ಗಮನವೇ ಇರಲಿಲ್ಲ. ಸೀಟಿನಲ್ಲಿ ಪೂರ್ತಿ ಬಲಕ್ಕೆ ತಿರುಗಿ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದರು, ಏನೋ ಮಾತಾಡುತ್ತಿದ್ದರು, ನಿಲ್ಲಿಸದೆ ಮಾತಾಡುತ್ತಿದ್ದರು.